ಕೊಡೆ ಇದ್ದರೂ ಮೊಣಕಾಲು ಯಾಕೆ ನೆನೆಯುತ್ತದೆ? ದಿನಾ ನಡೆದು ಹೋಗುವವರು ಏನು ಹಾಕಿಕೊಳ್ಳುತ್ತೀರಿ?

ಜಿಟಿಜಿಟಿ_ಹೊಸಬ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಮನೆ ಬದಲಾಯಿಸಿದೆ. ಹೊಸ ಏರಿಯಾದಲ್ಲಿ ಅಂಗಡಿ, ಲೈಬ್ರರಿ, ಮಗಳ ಶಾಲೆ, ನನ್ನ ಆಫೀಸು ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಖುಷಿಯಲ್ಲಿ ಗಾಡಿ ಮಾರಿಬಿಟ್ಟೆ. ಆದರೆ ಮಳೆ! ಧೋ ಎಂದು ಸುರಿದು ಮುಗಿಸಿ ಹೋಗುವ ಮಳೆಯಲ್ಲ. ಬೆಳಗ್ಗೆ ಹಿಡಿದರೆ ರಾತ್ರಿವರೆಗೂ ಜಿಟಿಜಿಟಿ.

ಆಫೀಸಿಗೆ 25 ನಿಮಿಷದ ನಡಿಗೆ. ಒಳ್ಳೆ ಅಗಲದ ಕೊಡೆ ಇದೆ. ಸೊಂಟದವರೆಗಿನ ಮಳೆ ಜಾಕೆಟ್ ಇದೆ. ಆದರೂ ತಲುಪುವಷ್ಟರಲ್ಲಿ ಬೆನ್ನು ಬೆವರಿನಿಂದ ಒದ್ದೆ, ಮೊಣಕಾಲು ಮಳೆಯಿಂದ ಒದ್ದೆ. ಬೆನ್ನಿನ ಕಥೆ ಅರ್ಥವಾಗುತ್ತದೆ. ಮೊಣಕಾಲಿನದ್ದು ಆಗುತ್ತಿಲ್ಲ. ಗಾಳಿ ಇಲ್ಲದ ದಿನವೂ ಹೀಗೇ. ಜೋರು ಮಳೆ ಬಂದ ದಿನ ತೊಡೆ, ಮೊಣಕಾಲು ಪರವಾಗಿಲ್ಲ. ಜಿಟಿಜಿಟಿ ದಿನವೇ ಪ್ಯಾಂಟಿನ ಮುಂಭಾಗ ತೊಯ್ದು ಅಂಟಿಕೊಳ್ಳುತ್ತದೆ. ಇದು ಉಲ್ಟಾ ಅಲ್ವಾ?

ಇನ್ನೊಂದು ವಿಷಯ. ದಾರಿಯಲ್ಲಿ ಔಷಧಿ ಅಂಗಡಿ ಮುಂದೆ ಒಂದು ಸಡಿಲ ಚಪ್ಪಡಿ ಇದೆ. ನೋಡುವುದಕ್ಕೆ ಅಕ್ಕಪಕ್ಕದ ಕಲ್ಲಿನ ಹಾಗೆಯೇ ಸಾಧು. ಕಾಲಿಟ್ಟರೆ ಒಂದು ಮೂಲೆ ಕೆಳಗಿಳಿದು ಇನ್ನೊಂದು ಮೂಲೆಯಿಂದ ಪಿಚಕ್ ಎಂದು ಕೆಸರುನೀರು ನೇರ ಪ್ಯಾಂಟಿನೊಳಗೆ. ಎರಡು ತಿಂಗಳಲ್ಲಿ ಆರು ಸಲ ಆಯಿತು.

ಬೆಳಗ್ಗೆ 15-16 ಡಿಗ್ರಿ ಇರುತ್ತದೆ. ಆಫೀಸಿನಲ್ಲಿ ಯೂನಿಫಾರ್ಮ್ ಇಲ್ಲ, ಆದರೆ ನೋಡುವ ಹಾಗಿರಬೇಕು. ನೀವೆಲ್ಲ ಏನು ಮಾಡುತ್ತೀರಿ?

ಒಂದೇಜೋಡಿ

ಗಂಬೂಟು. ಚರ್ಚೆ ಮುಗಿಯಿತು.

ತೇವದಗೋಡೆ

ಎಲ್ಲಿ ಮುಗಿಯಿತು ಸ್ವಾಮಿ? ಅವರು ಕೇಳಿದ್ದು ಮೊಣಕಾಲಿನ ವಿಷಯ. ಗಂಬೂಟು ಅಲ್ಲಿಗೆ ಬರುವುದಿಲ್ಲ. ಮೇಲಾಗಿ ಅದನ್ನು ಹಾಕಿಕೊಂಡು 25 ನಿಮಿಷ ನಡೆದು ನೋಡಿ, ಕಾಲು ಒಳಗೇ ಬೆಂದುಹೋಗುತ್ತದೆ. ರಬ್ಬರು ನೀರನ್ನು ಒಳಗೆ ಬಿಡುವುದಿಲ್ಲ ನಿಜ. ಹೊರಗೂ ಬಿಡುವುದಿಲ್ಲ.

ಲೆಕ್ಕದಮೇಷ್ಟ್ರು

ಹೊಸಬರೇ, ನೀವು ನೋಡಿದ್ದು ಉಲ್ಟಾ ಅಲ್ಲ, ಸರಿಯಾಗಿಯೇ ಇದೆ. ಸಣ್ಣ ಲೆಕ್ಕ ಹೇಳುತ್ತೇನೆ, ಓಡಿಹೋಗಬೇಡಿ.

5 ಮಿಲಿಮೀಟರ್‌ನಷ್ಟು ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಅರ್ಧ ಮಿಲಿಮೀಟರಿನ ತುಂತುರು ಹನಿ ಸೆಕೆಂಡಿಗೆ ಬರೀ 2 ಮೀಟರ್. ನೀವು ನಡೆಯುವುದು ಸೆಕೆಂಡಿಗೆ ಸುಮಾರು 1.4 ಮೀಟರ್. ಈಗ ಕೊಡೆಯ ಅಂಚಿನಿಂದ ನಿಮ್ಮ ಮೊಣಕಾಲಿಗೆ 1.3 ಮೀಟರ್ ಎತ್ತರದ ಅಂತರ ಇದೆ ಅಂದುಕೊಳ್ಳಿ. ತುಂತುರು ಹನಿಗೆ ಅಷ್ಟು ಇಳಿಯೋಕೆ 0.65 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 90 ಸೆಂಟಿಮೀಟರ್ ಮುಂದೆ ಬಂದಿರುತ್ತೀರಿ. ಕೊಡೆ ನಿಮ್ಮ ಮುಂದೆ ಚಾಚಿಕೊಂಡಿರುವುದು ಹೆಚ್ಚೆಂದರೆ 50 ಸೆಂಟಿಮೀಟರ್. ಅಂದರೆ ಕೊಡೆಯ ಆಚೆ ತನ್ನಪಾಡಿಗೆ ಇಳಿಯುತ್ತಿದ್ದ ಹನಿಗೆ ನೀವೇ ಹೋಗಿ ಮೊಣಕಾಲು ಕೊಡುತ್ತಿದ್ದೀರಿ.

ದಪ್ಪ ಹನಿ ಅದೇ ದೂರವನ್ನು 0.15 ಸೆಕೆಂಡಿಗಿಂತ ಮೊದಲೇ ಇಳಿದುಬಿಡುತ್ತದೆ. ನೀವು ಮುಂದೆ ಬರುವುದು 20 ಸೆಂಟಿಮೀಟರ್ ಅಷ್ಟೇ. ಕೊಡೆಯೊಳಗೇ ಇದ್ದೀರಿ. ಜಡಿಮಳೆಯಲ್ಲಿ ಪಾದದ ಹತ್ತಿರ ನೆನೆಯುವುದು ನೆಲದಿಂದ ಚಿಮ್ಮುವ ನೀರಿಗೆ, ಅದು ಬೇರೆ ಲೆಕ್ಕ.

ಪರಿಹಾರ: ತುಂತುರಿನಲ್ಲಿ ಕೊಡೆಯನ್ನು ನೆಟ್ಟಗೆ ಹಿಡಿಯಬೇಡಿ. ಮುಂದಕ್ಕೆ ಚೆನ್ನಾಗಿ ಬಾಗಿಸಿ, ಸುಮಾರು 35 ಡಿಗ್ರಿ. ಜೋರು ಮಳೆಗೆ 10 ಡಿಗ್ರಿಯೊಳಗೆ ಸಾಕು.

ಜಿಟಿಜಿಟಿ_ಹೊಸಬ

ಮೇಷ್ಟ್ರೇ, ಎರಡು ತಿಂಗಳಿಂದ ಕೊಡೆ ಕಂಪನಿಗೆ ಬೈಯುತ್ತಿದ್ದೆ. ತಪ್ಪಾಯಿತು.

ಕಪ್ಪುಕೊಡೆ

ಹಾಗಾದರೆ ಓಡಿದರೆ?

ಲೆಕ್ಕದಮೇಷ್ಟ್ರು

ಕೊಡೆ ಇಲ್ಲದಿದ್ದರೆ ಓಡಿ. ತಲೆ, ಭುಜದ ಮೇಲೆ ಬೀಳುವ ಮಳೆ ನೀವು ಎಷ್ಟು ಹೊತ್ತು ಹೊರಗಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಎದೆ, ತೊಡೆಗೆ ಎದುರಿನಿಂದ ಹತ್ತುವುದು ಎಷ್ಟು ದೂರ ಹೋದಿರಿ ಅನ್ನುವುದರ ಮೇಲೆ. ಓಡಿದರೂ ನಡೆದರೂ ದೂರ ಅಷ್ಟೇ ತಾನೆ? ಹಾಗಾಗಿ ಓಡಿದರೆ ತಲೆಯ ಪಾಲು ಉಳಿಯುತ್ತದೆ. ಕೊಡೆ ಇದ್ದರೆ ತಲೆಯ ಪಾಲು ಮೊದಲೇ ಇಲ್ಲ. ಓಡಿ ಲಾಭವಿಲ್ಲ, ಕೆಸರು ಹಾರಿಸಿಕೊಳ್ಳುವುದೊಂದೇ.

ಸೂರಿನಡಿ

ಕೊಡೆ ಮುಂದಕ್ಕೆ ಬಾಗಿಸಿ ಅಂತ ಹೇಳಿಕೊಡಬೇಡಿ ಮೇಷ್ಟ್ರೇ, ದಯವಿಟ್ಟು. ಹಾಗೆ ಬಾಗಿಸಿಕೊಂಡು ಗೂಳಿ ತರ ನುಗ್ಗಿ ಬರುವವರಿಂದ ನನ್ನ ಕನ್ನಡಕ ಎರಡು ಸಲ ಬಿದ್ದಿದೆ. ಕಡ್ಡಿಯ ತುದಿ ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೇ ಬರುತ್ತದೆ. ನಾನು ಕುಳ್ಳಿ, ಅದು ನನ್ನ ತಪ್ಪಾ?

ಎತ್ತರದವ

ನಮ್ಮ ಕಷ್ಟ ಕೇಳಿ. ಎಲ್ಲರ ಕೊಡೆಯ ಕಡ್ಡಿಯೂ ನಮ್ಮ ಕುತ್ತಿಗೆಗೆ. ಹಾಗೂ ಎಲ್ಲರ ಕೊಡೆಯ ನೀರೂ ನಮ್ಮ ಎದೆಗೆ. ಎದುರು ಯಾರಾದರೂ ಬಂದರೆ ಎತ್ತರದವರು ಕೊಡೆ ಎತ್ತಬೇಕು, ಗಿಡ್ಡವರು ಇಳಿಸಬೇಕು. ಇದು ನನ್ನ ಸ್ವಂತ ಕಾನೂನು. ಪಾಲಿಸುವವನು ಸದ್ಯಕ್ಕೆ ನಾನೊಬ್ಬನೇ.

ರಾತ್ರಿಪಾಳಿ

ಪಾರದರ್ಶಕ ಪ್ಲಾಸ್ಟಿಕ್ ಕೊಡೆ ತಗೊಳ್ಳಿ, ಎಷ್ಟು ಬಾಗಿಸಿದರೂ ಎದುರು ಕಾಣುತ್ತದೆ. ಗುಮ್ಮಟದ ಹಾಗೆ ಆಳವಾಗಿರುವುದು ಸಿಕ್ಕರೆ ಭುಜದವರೆಗೂ ಇಳಿಯುತ್ತದೆ. ಒಂದೇ ತೊಂದರೆ, ಒದ್ದೆಯಲ್ಲೇ ಮಡಿಸಿಟ್ಟರೆ ಮಾರನೇ ದಿನ ಹಾಳೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ.

ಸೂರಿನಡಿ

ವಿಷಯ ಬಂತು ಅಂತ ಕೇಳುತ್ತೇನೆ. ಕೊಡೆ ಇದ್ದವರು ಅಂಗಡಿ ಸೂರಿನ ಕೆಳಗೆ ಯಾಕೆ ನಡೆಯುತ್ತಾರೆ? ನಿಮ್ಮ ತಲೆ ಮೇಲೆ ಆಗಲೇ ಒಂದು ಸೂರು ಇದೆ. ಕೊಡೆ ಇಲ್ಲದ ನನ್ನಂಥವರು ಗೋಡೆಗೆ ಅಂಟಿಕೊಂಡು ಬರುತ್ತಿದ್ದರೆ ನಮ್ಮನ್ನೇ ಮಳೆಗೆ ತಳ್ಳಿ ಹೋಗುತ್ತಾರೆ.

ಕಪ್ಪುಕೊಡೆ

ಸೂರಿನ ತುದಿಯಿಂದ ಬೀಳುವ ನೀರು ಮಳೆಗಿಂತ ಕೆಟ್ಟದ್ದು ಅಕ್ಕ. ದಾರವಾಗಿ ಸುರಿಯುತ್ತದೆ. ಆಚೆ ನಡೆದರೆ ಅದು ಕೊಡೆ ಮೇಲೆ ಬಿದ್ದು ಪಕ್ಕದವರಿಗೆ ಎರಚುತ್ತದೆ. ಇನ್ನೂ ಆಚೆ ಹೋದರೆ ರಸ್ತೆ, ಕಾರುಗಳ ಅಭಿಷೇಕ. ನಾವು ಎಲ್ಲಿ ನಡೆಯಬೇಕು ಹೇಳಿ.

ಸೂರಿನಡಿ

ಕೊಡೆ ಮಡಿಸಿ ಸೂರಿನಡಿ ಬನ್ನಿ. ಇಲ್ಲ, ಬಿಚ್ಚಿಕೊಂಡು ಆಚೆ ಹೋಗಿ. ಎರಡೂ ಬೇಕು ಅಂದರೆ ಹೇಗೆ?

ಸಿಡುಕ

ಕೊಡೆ ಇಲ್ಲದೆ ಮನೆ ಬಿಟ್ಟಿದ್ದು ನಿಮ್ಮ ತಪ್ಪು, ಜಾಗ ಬಿಡುವುದು ನಮ್ಮ ಕೆಲಸವಾ?

ಸೂರಿನಡಿ

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸಾಮಾನಿನ ಚೀಲ. ಕೊಡೆ ಹಲ್ಲಲ್ಲಿ ಹಿಡಿಯಬೇಕಾ?

ಸಿಡುಕ

ಸರಿ. ಇದಕ್ಕೆ ಉತ್ತರ ಇಲ್ಲ. ಜಾಗ ಬಿಡುತ್ತೇನೆ.

ಗಿರಣಿಯವನು

ಬೆನ್ನಿನ ಬೆವರಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಬಟ್ಟೆ ತಯಾರಿಯಲ್ಲಿ 20 ವರ್ಷದಿಂದ ಇದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮಳೆಕೋಟಿನೊಳಗೆ ಬೆವರುವುದು 200 ವರ್ಷದ ಹಳೆ ತಕರಾರು. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಪೇಟೆಂಟ್ ಪಡೆದ ಬಟ್ಟೆ ಎರಡು ಪದರದ ನಡುವೆ ಕರಗಿಸಿದ ರಬ್ಬರು ಹಚ್ಚಿದ್ದು. ನೀರು ಬರುತ್ತಿರಲಿಲ್ಲ, ಆದರೆ ಸೆಕೆಯಲ್ಲಿ ಅಂಟು, ಚಳಿಯಲ್ಲಿ ಬಿರುಸು, ಯಾವಾಗಲೂ ವಾಸನೆ. ಬೆವರಂತೂ ಒಳಗೇ. ಈಗ ಬರುವ 'ಉಸಿರಾಡುವ' ಬಟ್ಟೆ ಶುರುವಾಗಿದ್ದು 1969ರಲ್ಲಿ, ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್‌ಇ (ಟೆಫ್ಲಾನ್ ಅಂತಾರಲ್ಲ, ಆ ಪ್ಲಾಸ್ಟಿಕ್) ಕಡ್ಡಿಯನ್ನು ಫಟ್ ಎಂದು ಎಳೆದಾಗ. ನಿಧಾನಕ್ಕೆ ಎಳೆದರೆ ತುಂಡಾಗುತ್ತಿದ್ದದ್ದು, ಜರ್ಕ್ ಕೊಟ್ಟು ಎಳೆದಾಗ ಹಿಗ್ಗಿ ಲೆಕ್ಕವಿಲ್ಲದಷ್ಟು ಸಣ್ಣ ತೂತುಗಳ ಜಾಲವಾಯಿತು. ನೀರಿನ ಹನಿ ಹೋಗಲಾರದು, ಆವಿ ಹೋಗುತ್ತದೆ.

ಆದರೆ ಅಂಗಡಿಯವರು ಹೇಳದ ಮಾತೊಂದಿದೆ. ಆವಿ ಸುಮ್ನೆ ಹೊರಗೆ ಹೋಗುವುದಿಲ್ಲ. ಒಳಗೆ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ಬೆಚ್ಚಗಿನ ಮಳೆಯಲ್ಲಂತೂ ಎಷ್ಟು ದುಬಾರಿ ಜಾಕೆಟ್ ಇದ್ದರೂ ಅಷ್ಟಕ್ಕಷ್ಟೆ. ನಿಮ್ಮಲ್ಲಿ 15-16 ಡಿಗ್ರಿ ಅಂದರೆ ಸ್ವಲ್ಪ ಪ್ರಯೋಜನ ಇದೆ.

ಅದಕ್ಕಿಂತ ದೊಡ್ಡ ವಿಷಯ ಹೊರಮೈಯ ಲೇಪ. ಹೊಸ ಜಾಕೆಟ್ ಮೇಲೆ ನೀರು ಮುತ್ತಿನ ಹಾಗೆ ಉರುಳುತ್ತದಲ್ವಾ, ಅದು. ಕೊಳೆ, ಮೈಯೆಣ್ಣೆ ಹತ್ತಿ ಅದು ಸೋತರೆ ಬಟ್ಟೆಯ ಹೊರಪದರ ನೀರು ಕುಡಿದು ಕಪ್ಪಾಗುತ್ತದೆ. ಆಮೇಲೆ ಆವಿ ಹೊರಹೋಗುವ ದಾರಿಯೇ ಬಂದ್. ಬೆನ್ನು ಒದ್ದೆಯಾದರೆ ಜನ ಜಾಕೆಟ್ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಅವರದೇ ಬೆವರು.

ನಲ್ಲಿ ಕೆಳಗೆ ತೋಳು ಹಿಡಿದು ನೋಡಿ. ಹನಿ ಉರುಳದೆ ಹರಡಿಕೊಂಡರೆ, ಸಾಫ್ಟ್‌ನರ್ ಹಾಕದೆ ಒಗೆದು ಚೆನ್ನಾಗಿ ಜಾಲಿಸಿ, ಲೇಬಲ್ ಒಪ್ಪಿದರೆ ಕಡಿಮೆ ಬಿಸಿಯಲ್ಲಿ ಡ್ರೈಯರ್‌ಗೆ ಹಾಕಿ. ಬಿಸಿ ತಾಗಿದರೆ ಲೇಪ ಮತ್ತೆ ಎದ್ದು ನಿಲ್ಲುತ್ತದೆ. ಸಾಫ್ಟ್‌ನರ್ ಮಾತ್ರ ಬೇಡವೇ ಬೇಡ.

ತೇವದಗೋಡೆ

ಒಗೆದರೆ ಲೇಪ ಹೋಗುತ್ತದೆ ಅಂತ ಮೂರು ವರ್ಷದಿಂದ ನನ್ನದನ್ನು ಒಗೆದೇ ಇಲ್ಲ.

ಗಿರಣಿಯವನು

ಗೊತ್ತು. ಎಲ್ಲರೂ ಹಾಗೇ. ಕಾಲರ್ ಮುಟ್ಟಿ ನೋಡಿ, ಅಲ್ಲೇ ಮೊದಲು ಸೋಲುವುದು. ಈಗಿನ ಹೊಸ ಲೇಪಗಳಿಗೆ ಇನ್ನೂ ಬೇಗ ಒಗೆತ ಬೇಕು. ಹಿಂದೆ ಬಳಸುತ್ತಿದ್ದ ಫ್ಲೋರಿನ್ ರಾಸಾಯನಿಕಗಳು ನೀರನ್ನೂ ಎಣ್ಣೆಯನ್ನೂ ಜಾರಿಸುತ್ತಿದ್ದವು, ಆದರೆ ಮಣ್ಣಿಗೆ, ಹೊಳೆಗೆ ಸೇರಿದರೆ ಹಾಳಾಗದೆ ಹಾಗೇ ಕೂರುತ್ತವೆ. ಆ ಗುಂಪಿನ ಪಿಎಫ್‌ಓಎ ಎಂಬ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಇಂಥ ಹಾಳಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದರು. ಫ್ಲೋರಿನ್ ಇಲ್ಲದ್ದು ನೀರಿಗೆ ಚೆನ್ನಾಗಿದೆ, ಎಣ್ಣೆಗೆ ಸೋಲುತ್ತದೆ.

ಕಪ್ಪುಕೊಡೆ

ಲೇಬಲ್ ಮೇಲೆ 10,000 ಮಿ.ಮೀ. ಅಂತ ಇರುತ್ತದಲ್ಲ ಸರ್, ಅದು ಮಳೆ ಪ್ರಮಾಣವಾ?

ಗಿರಣಿಯವನು

ಅಲ್ಲ. ಬಟ್ಟೆಯ ಮೇಲೆ 10 ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದಷ್ಟು ಒತ್ತಡ ಬಿದ್ದರೂ ತಡೆಯುತ್ತದೆ ಅಂತ. ಬರೀ ಮಳೆಹನಿಗೆ ಅಷ್ಟು ಬೇಡ. ಆದರೆ ಬ್ಯಾಗಿನ ಪಟ್ಟಿ ಭುಜವನ್ನು ಒತ್ತುತ್ತದೆ ನೋಡಿ, ಅಲ್ಲಿ ಬೇಕು. ಎಷ್ಟೋ ಜಾಕೆಟ್ ಮೊದಲು ಸೋರುವುದು ಭುಜದಲ್ಲೇ.

ಸೂಜಿದಾರ

ಹೊಲಿಗೆಯನ್ನು ಮರೆತಿರಿ ಅಣ್ಣ. ಬಟ್ಟೆ ಎಷ್ಟೇ ಗಟ್ಟಿಯಿರಲಿ, ಸೂಜಿ ಹೋದ ಕಡೆ ತೂತು ತೂತೇ. ಜಾಕೆಟ್ ತಗೊಳ್ಳುವಾಗ ಒಳಗೆ ತಿರುಗಿಸಿ ನೋಡಿ, ಪ್ರತಿ ಹೊಲಿಗೆ ಮೇಲೂ ಟೇಪು ಅಂಟಿಸಿರಬೇಕು. ಭುಜಕ್ಕೆ ಮಾತ್ರ ಟೇಪು ಹಾಕಿ ಕಂಕುಳಿಗೆ, ಜೇಬಿಗೆ ಬಿಟ್ಟಿರುವುದೂ ಇದೆ. ಮತ್ತೆ, ಮಳೆಕೋಟನ್ನು ಆಲ್ಟರ್ ಮಾಡಿಸಲು ತಂದು, ಅಳತೆಗೆ ತಾವೇ ಟಾಚಣಿ ಚುಚ್ಚಿಕೊಂಡು ಬರುತ್ತಾರೆ ಜನ! ನೋಡಿದರೆ ನನ್ನ ಎದೆ ಧಸಕ್ ಅನ್ನುತ್ತದೆ. ಆ ತೂತು ಇನ್ನು ಮುಚ್ಚುವುದಿಲ್ಲ. ಅಂಥ ಬಟ್ಟೆಗೆ ಕ್ಲಿಪ್ಪು ಹಾಕಬೇಕು.

ಹೊಸಬರೇ, ನೀವು ಪ್ಯಾಂಟು ಯಾವುದು ಅಂತ ಹೇಳಲೇ ಇಲ್ಲ. ಜೀನ್ಸ್ ಅಲ್ಲ ತಾನೆ?

ಜಿಟಿಜಿಟಿ_ಹೊಸಬ

...ಜೀನ್ಸ್.

ಸೂಜಿದಾರ

ಅಯ್ಯೋ.

ಒಂದೇಜೋಡಿ

ಪಾಪ, ಹೊಡೆಯಬೇಡಿ.

ಸೂಜಿದಾರ

ಹೊಡೆಯುವುದಿಲ್ಲ. ಬುದ್ಧಿ ಹೇಳುತ್ತೇನೆ. ಜೀನ್ಸು ಹತ್ತಿಯ ದೀಪದ ಬತ್ತಿ ಇದ್ದ ಹಾಗೆ. ಅಂಚು ಒಂದು ಸಲ ಒದ್ದೆ ನೆಲ ಮುಟ್ಟಿದರೆ ಸಾಕು, ನೀರು ತಾನಾಗಿ ಹತ್ತುತ್ತದೆ. ಮೊಣಕಾಲಿನವರೆಗೆ ಒದ್ದೆಯಾಗಿ ಬಂದವರ ಪ್ಯಾಂಟು ನೋಡಿದರೆ ನನಗೆ ಗೊತ್ತಾಗುತ್ತದೆ, ಇದು ಮೇಲಿಂದ ಬಿದ್ದದ್ದಾ ಕೆಳಗಿಂದ ಹತ್ತಿದ್ದಾ ಅಂತ. ಹತ್ತಿದ್ದು ಹಿಂದುಗಡೆ ಜಾಸ್ತಿ, ಹಿಮ್ಮಡಿಯಿಂದ ಮೀನಖಂಡಕ್ಕೆ ಗೆರೆ ಎಳೆದ ಹಾಗಿರುತ್ತದೆ.

ಮಳೆ ಊರಿನಲ್ಲಿ ನಡೆಯುವವರ ಪ್ಯಾಂಟನ್ನು ನಾನು ಯಾವಾಗಲೂ ಒಂದು ಇಂಚು ಮೇಲಕ್ಕೆ ಮಡಿಸುತ್ತೇನೆ. ನಿಂತಾಗ ಹಿಂದಿನ ಅಂಚು ಶೂವಿನ ಹಿಮ್ಮಡಿಯ ಮೇಲೆ ಕೂರಬಾರದು. ಬಾಟಮ್ ಅಗಲ ಬೇಡ, ಬಿಗಿಯೂ ಬೇಡ. ಬಿಗಿಯಾದರೆ ನೆನೆದ ಕೂಡಲೇ ಚರ್ಮಕ್ಕೆ ಅಂಟುತ್ತದೆ. ಗ್ಯಾಬರ್ಡೀನ್‌ನಂಥ ಒತ್ತು ನೇಯ್ಗೆಯ ತೆಳು ಬಟ್ಟೆ, ಪಾಲಿಯೆಸ್ಟರ್ ಕೂಡಿಸಿದ್ದು, ಕಡುಬಣ್ಣ. ಆಫೀಸಿಗೂ ಆಗುತ್ತದೆ. ಗ್ಯಾಬರ್ಡೀನ್ ಹುಟ್ಟಿದ್ದೇ ಮಳೆಗೆ, 1879ರಲ್ಲಿ ಥಾಮಸ್ ಬರ್ಬೆರಿ ಮಾಡಿದ್ದು. ಉದ್ದ ಸ್ಕರ್ಟ್ ಹಾಕುವವರಿಗೂ ಇದೇ ಮಾತು: ಅಂಚು ಮೀನಖಂಡಕ್ಕೆ ನಿಲ್ಲಲಿ, ಪಾದಕ್ಕೆ ಬೇಡ.

ಗಿರಣಿಯವನು

ಅಕ್ಕ ಹೇಳಿದ್ದಕ್ಕೆ ಒಂದು ಅಂಕಿ ಸೇರಿಸುತ್ತೇನೆ. ಸಾಧಾರಣ ತೇವದ ಗಾಳಿಯಲ್ಲೇ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ನೀರು ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಶೇಕಡಾ 1 ಕೂಡ ಇಲ್ಲ. ಅದು ನೆನೆದರೂ ನೀರು ದಾರದ ಸಂದಿಯಲ್ಲಿ ಇರುತ್ತದೆ, ದಾರದೊಳಗೆ ಹೋಗುವುದಿಲ್ಲ. ಅರ್ಧ ಗಂಟೆ ಆಫೀಸಿನಲ್ಲಿ ಕೂತರೆ ಒಣಗುತ್ತದೆ. ಜೀನ್ಸು ಸಂಜೆ ಮನೆಗೆ ಹೊರಡುವಾಗಲೂ ತಣ್ಣಗೇ ಇರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ: ನೆನೆಯದೆ ಇರುವುದು ಹೇಗೆ ಅಂತ ಹುಡುಕುವವರು ಸೋಲುತ್ತಾರೆ. ಬೇಗ ಒಣಗುವುದು ಯಾವುದು ಅಂತ ಹುಡುಕಿ.

ಹಳೇಕಾಲು

ನಾನು 40 ವರ್ಷದಿಂದ ನಡೆದೇ ಓಡಾಡುವವನು. ನನ್ನ ಪ್ರಕಾರ ಶೂವೇ ತಪ್ಪು. ಚಪ್ಪಲಿ ಹಾಕಿ. ಪ್ಯಾಂಟು ಮಡಿಸಿ. ಕಾಲು ನೆನೆದರೆ ಒರೆಸಿದರಾಯಿತು. ಶೂ ನೆನೆದರೆ ಒರೆಸಿ ನೋಡಿ ಯಾರಾದರೂ. ಶೂವನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಆಫೀಸಿನಲ್ಲಿ ಹಾಕಿಕೊಳ್ಳಿ.

ರಾತ್ರಿಪಾಳಿ

ಅಜ್ಜ, 15 ಡಿಗ್ರಿಯಲ್ಲಿ ಚಪ್ಪಲಿನಾ? ನೀರು ಗಾಳಿಗಿಂತ 24 ಪಟ್ಟು ಬೇಗ ಶಾಖ ಎಳೆಯುತ್ತದೆ. ನಿಮ್ಮ ಕಾಲಿಗೆ ಅಭ್ಯಾಸ ಇದೆ, ಎಲ್ಲರಿಗೂ ಇರುವುದಿಲ್ಲ. ಒದ್ದೆ ಚಪ್ಪಲಿಯಲ್ಲಿ ಕಾಲು ಜಾರಿ ಕೈಮುರಿದುಕೊಂಡು ಬರುವವರನ್ನು ನಾನು ಕೆಲಸದಲ್ಲಿ ನೋಡುತ್ತೇನೆ. ಮಳೆ ಶುರುವಾದ ಮೊದಲ ವಾರ ಜಾಸ್ತಿ.

ಜಾರುವ ಜಾಗ ನೆನಪಿಟ್ಟುಕೊಳ್ಳಿ: ರಸ್ತೆಯ ಬಿಳಿ ಬಣ್ಣದ ಪಟ್ಟಿ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ಉದುರಿದ ಎಲೆ, ಕಟ್ಟಡದ ಬಾಗಿಲಲ್ಲಿ ಹಾಕಿರುವ ಹೊಳಪಿನ ಕಲ್ಲು. ಕೊನೆಯದ್ದಂತೂ ಯಾರು ಕಂಡುಹಿಡಿದರೋ. ಮಳೆ ಬೀಳುವ ಮೆಟ್ಟಿಲಿಗೆ ಕನ್ನಡಿಯಂಥ ಕಲ್ಲು!

ಹಳೇಕಾಲು

ಸರಿ ಮಗಳೇ, ಹಿಡಿತ ಇರುವ ಚಪ್ಪಲಿ ಅಂತ ತಿದ್ದಿಕೊಳ್ಳುತ್ತೇನೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್. ನಾನು ಜಾರಿಲ್ಲ ಇದುವರೆಗೆ.

ಸಿಡುಕ

'ಇದುವರೆಗೆ' ಅಂತ ಬರೆದ ಮೇಲೆ ಮರ ಮುಟ್ಟಿ ಅಜ್ಜ.

ಒಂದೇಜೋಡಿ

ನನ್ನ ಹೆಸರು ನೋಡಿ ಯಾರೂ ನಂಬುವುದಿಲ್ಲ, ಆದರೆ ಈಗ ನನ್ನ ಹತ್ತಿರ ಎರಡು ಜೋಡಿ ಇದೆ. ಒಂದೇ ಜೋಡಿಯನ್ನು ದಿನಾ ಹಾಕುತ್ತಿದ್ದಾಗ ಅದು ಒಳಗೆ ಒಣಗುತ್ತಲೇ ಇರಲಿಲ್ಲ. ಮುಟ್ಟಿದರೆ ಒಣಗಿದಂತೆ, ಹಾಕಿದರೆ ಹಸಿ. ಬೆರಳ ಸಂದಿ ಬೆಳ್ಳಗಾಗಿ ತುರಿಕೆ. ಡಾಕ್ಟರು ಫಂಗಸ್ ಅಂದರು. ಮುಲಾಮಿಗಿಂತ ಮೊದಲು ಇನ್ನೊಂದು ಜೋಡಿ ಶೂ ತಗೊಳ್ಳಿ ಅಂತ ಬೈದರು.

ಶೂ ಒಣಗಿಸುವ ವಿಧಾನ: ಮೊದಲು ಒಳಗಿನ ಅಟ್ಟೆ ಕಿತ್ತು ಬೇರೆ ಇಡಿ. ಹಳೇ ಪೇಪರು ಉಂಡೆ ಮಾಡಿ ತುರುಕಿ. ಒಂದು ಗಂಟೆಗೆ ಬದಲಾಯಿಸಿ, ಮಲಗುವ ಮೊದಲು ಇನ್ನೊಮ್ಮೆ. ಮೊದಲ ಉಂಡೆಯನ್ನೇ ಬೆಳಗ್ಗೆವರೆಗೂ ಬಿಟ್ಟರೆ ಅದೇ ನೀರು ಒಳಗೆ ಕೂತಿರುತ್ತದೆ. ಚರ್ಮದ ಶೂವನ್ನು ಹೀಟರ್ ಮುಂದೆ ಇಡಬೇಡಿ, ಬಿರಿಯುತ್ತದೆ. ಫ್ಯಾನ್ ಗಾಳಿ ಸಾಕು.

ಗಿರಣಿಯವನು

ಕಾಲುಚೀಲ ಉಣ್ಣೆಯದ್ದು ಹಾಕಿ, ತೆಳ್ಳಗಿನದ್ದು. ಉಣ್ಣೆ ತನ್ನ ತೂಕದ ಶೇಕಡಾ 30ರವರೆಗೆ ತೇವ ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ.

ತೇವದಗೋಡೆ

ಒಣಗುವುದು ಅಂತ ಬಂತಲ್ಲ, ಬಟ್ಟೆಯ ಮುಗ್ಗಲು ವಾಸನೆಗೆ ಏನು ಮಾಡುತ್ತೀರಿ? ಮನೆಯೊಳಗೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಒಣಗಿದಾಗ ವಾಸನೆ ಇರುವುದಿಲ್ಲ. ಹಾಕಿಕೊಂಡು ಹೊರಟು ಸ್ವಲ್ಪ ಬೆವರಿದ ಕೂಡಲೇ ಒದ್ದೆ ನಾಯಿಯ ವಾಸನೆ. ಲಿಫ್ಟಿನಲ್ಲಿ ಜನ ನನ್ನನ್ನು ನೋಡುತ್ತಾರೆ, ನಾನು ಛಾವಣಿ ನೋಡುತ್ತೇನೆ.

ರಾತ್ರಿಪಾಳಿ

ಅದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ. ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಅಂತ ಹೆಸರು. ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದ್ದು. ಬಟ್ಟೆ ಒಣಗಿದರೂ ಅದು ಸಾಯುವುದಿಲ್ಲ. ಮತ್ತೆ ತೇವ ಸಿಕ್ಕಿದ ಕೂಡಲೇ ಎದ್ದು ಕೆಲಸ ಶುರು ಮಾಡುತ್ತದೆ. ನಿಮ್ಮ ಲಿಫ್ಟಿನ ಕಥೆ ಅದೇ. ಸೆಂಟು ಹೊಡೆದು ಪ್ರಯೋಜನವಿಲ್ಲ. ಬಟ್ಟೆ ತಡೆಯುವುದಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಒಗೆದದ್ದನ್ನು ಮೆಷಿನ್ನಿನೊಳಗೆ ಬಿಡಬೇಡಿ. ಹಗ್ಗದ ಮೇಲೆ ಎರಡು ಬಟ್ಟೆ ನಡುವೆ ಕೈ ತೂರುವಷ್ಟು ಜಾಗ ಬಿಟ್ಟು ಫ್ಯಾನ್ ಹಾಕಿ. ಎಷ್ಟು ಬೇಗ ಒಣಗುತ್ತದೋ ಅಷ್ಟು ಕಡಿಮೆ ವಾಸನೆ.

ಸೂರಿನಡಿ

ಲಿಫ್ಟಿನಲ್ಲಿ ಛಾವಣಿ ನೋಡಿದ ಕೂಡಲೇ ಇವರೇ ಅಂತ ಗೊತ್ತಾಗುತ್ತದೆ. ಫೋನು ನೋಡಿ.

ಕಪ್ಪುಕೊಡೆ

ವಿಷಯಾಂತರಕ್ಕೆ ಕ್ಷಮೆ ಇರಲಿ. ಕೊಡೆ ಸ್ಟ್ಯಾಂಡಿನಲ್ಲಿ ನನ್ನ ಕೊಡೆ ಮೂರನೇ ಸಲ ಬದಲಾಗಿದೆ. ಕಳ್ಳತನ ಅನ್ನುವ ಹಾಗಿಲ್ಲ, ಪ್ರತಿ ಸಲವೂ ಅಲ್ಲಿ ಇನ್ನೊಂದು ಕಪ್ಪು ಕೊಡೆ ಇರುತ್ತದೆ. ಆದರೆ ಪ್ರತಿ ಸಲವೂ ಸ್ವಲ್ಪ ಕೆಟ್ಟದ್ದು. ಮೊದಲಿನದ್ದಕ್ಕೆ ಮರದ ಹಿಡಿ ಇತ್ತು. ಎರಡನೆಯದ್ದು ಪ್ಲಾಸ್ಟಿಕ್. ಈಗಿನದ್ದರ ಒಂದು ಕಡ್ಡಿ ಮುರಿದಿದೆ. ಇದೇ ಲೆಕ್ಕದಲ್ಲಿ ಮುಂದಿನ ಮಳೆಗಾಲಕ್ಕೆ ಬರೀ ಹಿಡಿ ಸಿಗಬಹುದು.

ಎತ್ತರದವ

ಹೆಸರು ಬದಲಾಯಿಸಿ, ಕೆಂಪು ಕೊಡೆ ತಗೊಳ್ಳಿ.

ಲೆಕ್ಕದಮೇಷ್ಟ್ರು

ಕೊಡೆ ಹಿಡಿಯುವುದಕ್ಕೂ ಒಂದು ಕಾಲದಲ್ಲಿ ಧೈರ್ಯ ಬೇಕಿತ್ತು. 18ನೇ ಶತಮಾನದ ನಡುವೆ ಲಂಡನ್ನಿನಲ್ಲಿ ಜೋನಸ್ ಹ್ಯಾನ್ವೇ ಎಂಬಾತ ಕೊಡೆ ಹಿಡಿದು ಓಡಾಡಿದರೆ ಜನ ಗೇಲಿ ಮಾಡುತ್ತಿದ್ದರಂತೆ. ಬಾಡಿಗೆ ಗಾಡಿಯವರಿಗಂತೂ ಕೆಂಡದಂಥ ಕೋಪ. ಮಳೆ ಬಂದರೆ ತಾನೇ ಅವರ ದುಡಿಮೆ? ಆಗಿನ ಕೊಡೆಗೆ ತಿಮಿಂಗಿಲದ ಎಲುಬಿನಂಥ ಕಡ್ಡಿ, ಒದ್ದೆಯಾದರೆ ಹೊರಲಾರದ ಭಾರ. ಸ್ಯಾಮ್ಯುಯೆಲ್ ಫಾಕ್ಸ್ ಉಕ್ಕಿನ ಕಡ್ಡಿ ತಂದದ್ದು 1852ರಲ್ಲಿ.

ಸಿಡುಕ

ಗಾಡಿಯವರು ಈಗಲೂ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ಗುಂಡಿ ನೀರಿನ ಹತ್ತಿರ ನಾವು ಬಂದ ಕೂಡಲೇ ಯಾಕೆ ಸ್ಪೀಡು ಜಾಸ್ತಿ ಮಾಡುತ್ತಾರೆ ಅಂತ ಈಗ ಗೊತ್ತಾಯಿತು.

ರಾತ್ರಿಪಾಳಿ

ಗಾಡಿ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಕಡುಬಣ್ಣ ಕೆಸರಿಗೆ ಒಳ್ಳೆಯದು, ಒಪ್ಪಿದೆ. ಆದರೆ ಕಪ್ಪು ಜಾಕೆಟ್, ಕಪ್ಪು ಪ್ಯಾಂಟು, ಕಪ್ಪು ಕೊಡೆ ಹಿಡಿದು ಸಂಜೆ ಮಳೆಯಲ್ಲಿ ರಸ್ತೆ ದಾಟುವವರು ಡ್ರೈವರ್‌ಗೆ ಕಾಣುವುದೇ ಇಲ್ಲ. ಒದ್ದೆ ಗಾಜು, ಎದುರಿನ ದೀಪ, ನೆಲದ ಹೊಳಪು, ಎಲ್ಲ ಸೇರಿ ಕಣ್ಣು ಕೋರೈಸುತ್ತದೆ. ಬ್ಯಾಗಿಗೆ ಒಂದು, ಕಾಲಿನ ಗಂಟಿನ ಹತ್ತಿರ ಒಂದು ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ. ಕಾಲಿನದ್ದು ಮುಖ್ಯ, ಅದು ಅಲ್ಲಾಡುತ್ತದೆ, ಬೇಗ ಗಮನ ಸೆಳೆಯುತ್ತದೆ. ಹುಡ್ ಹಾಕಿದ್ದರೆ ದಾಟುವ ಮೊದಲು ಪೂರ್ತಿ ತಲೆ ತಿರುಗಿಸಿ ನೋಡಿ. ಬರೀ ಕಣ್ಣು ಹೊರಳಿಸಿದರೆ ನಿಮಗೆ ಕಾಣುವುದು ಹುಡ್‌ನ ಒಳಭಾಗ.

ಎತ್ತರದವ

ಹುಡ್ ಒಳಗೆ ಮುಂಚಾಚು ಇರುವ ಕ್ಯಾಪ್ ಹಾಕಿದರೆ ಹುಡ್ ಹಣೆ ಮೇಲೆ ಬೀಳುವುದಿಲ್ಲ, ಕನ್ನಡಕವೂ ಅಷ್ಟು ನೆನೆಯುವುದಿಲ್ಲ.

ಒಂದೇಜೋಡಿ

ಬ್ಯಾಗ್ ಕವರ್ ನಂಬಬೇಡಿ. ಮುಂಭಾಗ ಮುಚ್ಚುತ್ತದೆ, ನಿಮ್ಮ ಬೆನ್ನಿಂದ ಇಳಿದ ನೀರು ಹಿಂಭಾಗದಿಂದ ಒಳಗೆ ಹೋಗುತ್ತದೆ. ತಳದಲ್ಲಿ ಕೊಳ ಆಗಿರುತ್ತದೆ. ಬ್ಯಾಗಿನೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸಾಮಾನು. ನೋಡುವುದಕ್ಕೆ ಚೆನ್ನಾಗಿಲ್ಲ, ಲ್ಯಾಪ್‌ಟಾಪ್ ಬದುಕುತ್ತದೆ.

ಜಿಟಿಜಿಟಿ_ಹೊಸಬ

ಮೂರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಜಾಕೆಟ್ ಒಗೆದೆ. ನೀರು ನಿಜವಾಗಿಯೂ ಉರುಳುತ್ತಿದೆ. ಬೆನ್ನು ಪೂರ್ತಿ ಒಣ ಅಲ್ಲ, ಆದರೆ ಮೊದಲಿನ ಹಾಗೆ ಹಿಂಡುವಷ್ಟಿಲ್ಲ. ಮನೆಯಿಂದ ಹೊರಡುವಾಗ ಒಳಗಿನ ಸ್ವೆಟರ್ ತೆಗೆದು ಬ್ಯಾಗಿಗೆ ಹಾಕುತ್ತೇನೆ. ಮೊದಲ ಐದು ನಿಮಿಷ ಚಳಿ, ಆಮೇಲೆ ಸರಿ. ಜೀನ್ಸ್ ಭಾನುವಾರಕ್ಕೆ. ಎರಡು ಪ್ಯಾಂಟು ಒಂದು ಇಂಚು ಮೇಲೆ ಮಡಿಸಿದ್ದೇನೆ. ಆಫೀಸಿನಲ್ಲಿ ಒಬ್ಬರು 'ಬಟ್ಟೆ ಚಿಕ್ಕದಾಯಿತಾ?' ಎಂದು ಕೇಳಿದರು. ಅವರ ಪ್ಯಾಂಟಿನ ಹಿಂದುಗಡೆ ನೋಡಿದೆ. ಸೂಜಿದಾರ ಅಕ್ಕ ಹೇಳಿದ ಗೆರೆ, ಹಿಮ್ಮಡಿಯಿಂದ ಮೀನಖಂಡದವರೆಗೆ. ನಾನೇನೂ ಹೇಳಲಿಲ್ಲ.

ಕೊಡೆ ಬಾಗಿಸುವುದು ಕೆಲಸ ಮಾಡುತ್ತದೆ ಮೇಷ್ಟ್ರೇ. ಮೊಣಕಾಲು ಒಣಗೇ ಇದೆ. ಆದರೆ ಎರಡನೇ ದಿನವೇ ಒಬ್ಬರಿಗೆ ಡಿಕ್ಕಿ ಹೊಡೆದೆ. ಅವರು ಕೊಡೆ ಇಲ್ಲದೆ ಸೂರಿನಡಿ ಬರುತ್ತಿದ್ದರು. ಈಗ ಪಾರದರ್ಶಕ ಕೊಡೆ ತಂದಿದ್ದೇನೆ.

ಸೂರಿನಡಿ

ಕನ್ನಡಕ ಹಾಕಿದ್ದರಾ ಅವರು?

ಜಿಟಿಜಿಟಿ_ಹೊಸಬ

ಇಲ್ಲ ಅಕ್ಕ, ಮೀಸೆ ಇತ್ತು.

ಲೆಕ್ಕದಮೇಷ್ಟ್ರು

ಚಪ್ಪಡಿ ಏನಾಯಿತು?

ಜಿಟಿಜಿಟಿ_ಹೊಸಬ

ಔಷಧಿ ಅಂಗಡಿಯವರೇ ಮರಳು ತುಂಬಿಸಿ ಸರಿಮಾಡಿದ್ದಾರಂತೆ. ನನಗೆ ಮಗಳು ಹೇಳಿದ ಮೇಲೆ ಗೊತ್ತಾಯಿತು. ನಾನು ಎರಡು ವಾರದಿಂದ ಅದನ್ನು ದಾಟಿ ಪಕ್ಕದ ಕಲ್ಲಿನ ಮೇಲೆ ಕಾಲಿಡುತ್ತಿದ್ದೆ. ಈಗ ಆ ಪಕ್ಕದ ಕಲ್ಲು ಸಡಿಲ ಆಗಿದೆ.

ಸಿಡುಕ

ಏಳನೇ ಸಲ?

ಜಿಟಿಜಿಟಿ_ಹೊಸಬ

ಏಳನೇ ಸಲ.

ತೇವದಗೋಡೆ

ಹೋಗುವ ಮೊದಲು ಒಂದು ಪ್ರಶ್ನೆ. ಆಫೀಸಿಗೆ ಹೋಗಿ ಬಿಚ್ಚಿದ ಒದ್ದೆ ಕಾಲುಚೀಲ ಎಲ್ಲಿ ಒಣಗಿಸುತ್ತೀರಿ?

ಒಂದೇಜೋಡಿ

ಎಲ್ಲಿ ಬೇಕಾದರೂ. ಮೇಜಿನ ಡ್ರಾಯರ್ ಮಾತ್ರ ಬೇಡ. ಶುಕ್ರವಾರ ಅಂತೂ ಬೇಡವೇ ಬೇಡ.